ಲೀಟರಿಗೆ ಐದು ರೂಪಾಯಿ: ಹಿಂಡಿಯ ಸಾಲಕ್ಕೋ, ಹಸುರು ಮೇವಿಗೋ?

ಕಳೆದ ವರ್ಷ ಭತ್ತದ ಕೊಯ್ಲು ಮುಗಿದ ಹೊತ್ತಿನಲ್ಲಿ ಅಂಕೋಲಾ ತಾಲ್ಲೂಕಿನ ಒಂದು ಹಳ್ಳಿಗೆ ಶೇಂಗಾ ಬಿತ್ತನೆ ನೋಡಲು ಹೋಗಿದ್ದೆ. ಗದ್ದೆಯ ಕೆಲಸ ಮುಗಿದ ಮೇಲೆ ಒಬ್ಬ ತಾಯಿ ಮನೆಗೆ ಕರೆದು ಬ್ಯಾಂಕಿನ ಪಾಸ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. 'ಇದ್ರಲ್ಲಿ ಹಾಲಿನ ಸರ್ಕಾರಿ ದುಡ್ಡು ಬಂದದ್ಯೋ ಇಲ್ವೋ, ಸ್ವಲ್ಪ ನೋಡಿ ಹೇಳಿ ಸರ್' ಎಂದರು. ನೋಡಿದೆ. ಹಲವು ತಿಂಗಳ ಹಣ ಒಟ್ಟಿಗೆ ಜಮೆಯಾಗಿತ್ತು. 'ಬಂದಿದೆ ಅಮ್ಮ' ಎಂದೆ. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಆ ಹಣ ತಿಂಗಳು ತಿಂಗಳು ಬರುತ್ತದೆಂದು ನಂಬಿ ಅಂಗಡಿಯಿಂದ ಹಿಂಡಿಯ ಚೀಲಗಳನ್ನು ಸಾಲವಾಗಿ ತಂದಿದ್ದರು. ಹಣ ಬರುವುದು ತಡವಾಯಿತು, ಅಂಗಡಿಯವರು ಬಾಕಿ ಕೇಳಿದರು. ಕೊನೆಗೆ ಗಬ್ಬವಾಗಿದ್ದ ಕಡಸನ್ನು ಮಾರಿ ಸಾಲ ತೀರಿಸಿದರು. 'ದುಡ್ಡು ಈಗ ಬಂತು ಸರ್, ಕಡಸು ಹೋಯ್ತಲ್ಲ' ಎಂದು ಖಾಲಿಯಾದ ಗೂಟದ ಕಡೆ ಕೈ ತೋರಿಸಿದರು.

ನಾನು ಬೇಸಾಯ ಶಾಸ್ತ್ರದವನು, ಪಶುವೈದ್ಯನಲ್ಲ. ಆದರೂ ಹೈನುಗಾರಿಕೆಯ ಲಾಭ ನಷ್ಟದ ಬೇರು ಕೊಟ್ಟಿಗೆಯಲ್ಲಿ ಎಷ್ಟಿದೆಯೋ ಗದ್ದೆಯ ಬದುವಿನಲ್ಲಿಯೂ ಅಷ್ಟೇ ಇದೆ. ಆ ತಾಯಿಯ ಕಡಸು ಉಳಿಯಬಹುದಿತ್ತು. ಅದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಪ್ರೋತ್ಸಾಹಧನ ಎಂದರೇನು?

ಸಂಘಕ್ಕೆ ಹಾಲು ಹಾಕುವ ರೈತನಿಗೆ ಎರಡು ಬಗೆಯ ಹಣ ಬರುತ್ತದೆ. ಮೊದಲನೆಯದು ಹಾಲಿನ ಬೆಲೆ. ಇದನ್ನು ಹಾಲು ಒಕ್ಕೂಟ ಗೊತ್ತುಪಡಿಸುತ್ತದೆ, ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ ಬಟವಾಡೆ ಮಾಡುತ್ತದೆ. ಹಾಲಿನ ಕೊಬ್ಬು ಮತ್ತು ಕೊಬ್ಬೇತರ ಘನಾಂಶ ಎಷ್ಟಿದೆ ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ. ಎರಡನೆಯದು ಸರ್ಕಾರದ ಪ್ರೋತ್ಸಾಹಧನ. ಇದು ರಾಜ್ಯದ ಖಜಾನೆಯಿಂದ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುವ ಹಣ.

ಕರ್ನಾಟಕದಲ್ಲಿ ೨೦೦೮ರಲ್ಲಿ ಲೀಟರಿಗೆ ೨ ರೂಪಾಯಿಯಂತೆ ಈ ಪ್ರೋತ್ಸಾಹಧನ ಆರಂಭವಾಯಿತು. ೨೦೧೩ರಲ್ಲಿ ೪ ರೂಪಾಯಿಗೂ ೨೦೧೬ರಲ್ಲಿ ೫ ರೂಪಾಯಿಗೂ ಏರಿತು. ಕ್ಷೀರಧಾರೆ ಎಂಬ ಹೆಸರಿನಿಂದಲೂ ಈ ಯೋಜನೆ ನಿಮಗೆ ಪರಿಚಿತ. ೨೦೧೩ರ ಆಗಸ್ಟ್ ಒಂದರಂದು ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಆರಂಭವಾಯಿತು. ಸಂಘಗಳಿಗೆ ಹರಿದು ಬಂದ ಹೆಚ್ಚಿನ ಹಾಲು ಪುಡಿಯಾಗಿ ಮಕ್ಕಳ ಲೋಟಕ್ಕೂ ತಲುಪಿತು.

ಈ ಎರಡು ಹಣಗಳ ವ್ಯತ್ಯಾಸವನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ಇಟ್ಟುಕೊಳ್ಳಬೇಕು. ೨೦೨೫ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ಮಾರಾಟ ಬೆಲೆ ಲೀಟರಿಗೆ ೪ ರೂಪಾಯಿ ಏರಿದಾಗ, ಪ್ರೋತ್ಸಾಹಧನವೇ ಏರಿತೆಂದು ತಿಳಿದವರು ಹಲವರಿದ್ದಾರೆ. ಅದು ಬೇರೆ, ಇದು ಬೇರೆ. ಹಾಲಿನ ಬೆಲೆ ವಾರಕ್ಕೋ ಹದಿನೈದು ದಿನಕ್ಕೋ ಕೈಸೇರುವ ಹಣ. ಪ್ರೋತ್ಸಾಹಧನವಾದರೋ ಸರ್ಕಾರದಿಂದ ಅನುದಾನ ಬಿಡುಗಡೆಯಾದಾಗ ಬರುವ ಹಣ. ಹಲವು ತಿಂಗಳು ಬಾಕಿ ಉಳಿದು ಬಳಿಕ ಒಟ್ಟಿಗೆ ಬಂದ ಸಂದರ್ಭಗಳನ್ನು ರಾಜ್ಯದ ಎಲ್ಲ ಕಡೆಯ ರೈತರೂ ಕಂಡಿದ್ದಾರೆ.

ನಮ್ಮ ಕರಾವಳಿಯ ಸ್ಥಿತಿ

ಕಾರವಾರ ಮತ್ತು ಅಂಕೋಲಾ ಹೈನುಗಾರಿಕೆಗೆ ಸುಲಭವಾದ ನಾಡಲ್ಲ. ಸಹ್ಯಾದ್ರಿಯ ಬೆಟ್ಟಗಳು ಇಲ್ಲಿ ಕಡಲಿನ ಅಂಚಿಗೇ ಇಳಿದಿವೆ. ಕಾಳಿ ಮತ್ತು ಗಂಗಾವಳಿ ನದಿಗಳ ಇಕ್ಕೆಲದಲ್ಲಿ ಕಿರಿದಾದ ಗದ್ದೆಗಳು, ನದೀಮುಖದ ಹತ್ತಿರ ಉಪ್ಪುನೀರು ನುಗ್ಗುವ ಗಜನಿ, ಉಳಿದದ್ದು ತೋಟ ಮತ್ತು ಕಾಡು. ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರ್ ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಜನವರಿಯಿಂದ ಮೇ ತನಕ ಹಸುರು ಕಾಣುವುದು ಕಷ್ಟ. ೧೯೮೬ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಎರಡೂ ತಾಲ್ಲೂಕುಗಳ ಹಲವು ಹಳ್ಳಿಗಳು ಜಾಗ ಬಿಟ್ಟುಕೊಟ್ಟವು. ಮನೆಯೊಂದಿಗೆ ದನ ಬಿಡುತ್ತಿದ್ದ ನೆಲವೂ ಹೋಯಿತು.

ಇಲ್ಲಿಯ ಕೊಟ್ಟಿಗೆಯ ಹಳೆಯ ದನ ಮಲೆನಾಡು ಗಿಡ್ಡ. ೨೦೧೨ರಲ್ಲಿ ಇದಕ್ಕೆ ಪ್ರತ್ಯೇಕ ದೇಶೀ ತಳಿಯೆಂಬ ಮಾನ್ಯತೆ ದೊರೆಯಿತು. ಮಳೆಗೆ, ರೋಗಕ್ಕೆ, ಬೆಟ್ಟಕ್ಕೆ ಜಗ್ಗದ ದನ. ಆದರೆ ಹಾಲು ದಿನಕ್ಕೆ ಒಂದೆರಡು ಲೀಟರ್ ಮಾತ್ರ. ಹೀಗಾಗಿ ಒಂದು ಹಳ್ಳಿಯ ಹಾಲೆಲ್ಲ ಸೇರಿದರೂ ಕ್ಯಾನು ತುಂಬುವುದು ಕಷ್ಟ. ಉತ್ತರ ಕನ್ನಡ ಜಿಲ್ಲೆ ಧಾರವಾಡ ಹಾಲು ಒಕ್ಕೂಟಕ್ಕೆ ಸೇರಿದ್ದು. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋಗುವ ದಾರಿ ದೀರ್ಘ. ಘಟ್ಟದ ಮೇಲಿನ ಶಿರಸಿಗೆ ಹೋಲಿಸಿದರೆ ನಮ್ಮಲ್ಲಿ ಹಾಲು ಸಂಘಗಳು ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ. ಮಳೆಗಾಲದಲ್ಲಿ ದಾರಿಯನ್ನೂ ನಂಬುವಂತಿಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿ ಪ್ರಾಣಹಾನಿಯಾದುದನ್ನು ನಾವು ಯಾರೂ ಮರೆತಿಲ್ಲ.

ಯಾರಿಗೆ ಎಷ್ಟು ಸಿಗುತ್ತದೆ?

ಪ್ರೋತ್ಸಾಹಧನ ದನಕ್ಕೆ ಕೊಡುವ ಹಣವಲ್ಲ, ಸಂಘದ ಕ್ಯಾನಿಗೆ ಬಿದ್ದ ಲೀಟರಿಗೆ ಕೊಡುವ ಹಣ. ಈ ಒಂದು ಮಾತಿನಲ್ಲಿ ಯೋಜನೆಯ ಗುಣವೂ ಇದೆ, ಕೊರತೆಯೂ ಇದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಒಂದು ಮಿಶ್ರತಳಿ ಹಸು ದಿನಕ್ಕೆ ಸರಾಸರಿ ೮ ಲೀಟರಿನಂತೆ ೩೦೦ ದಿನ ಹಾಲು ಕೊಟ್ಟಿತೆನ್ನಿ. ಮನೆಗೆ ಒಂದು ಲೀಟರ್ ಇಟ್ಟುಕೊಂಡು ೭ ಲೀಟರ್ ಸಂಘಕ್ಕೆ ಹಾಕಿದರೆ ವರ್ಷಕ್ಕೆ ೨೧೦೦ ಲೀಟರ್. ಪ್ರೋತ್ಸಾಹಧನ ೧೦,೫೦೦ ರೂಪಾಯಿ. ಮಲೆನಾಡು ಗಿಡ್ಡದ ಹಸು ದಿನಕ್ಕೆ ಒಂದೂವರೆ ಲೀಟರ್ ಕೊಟ್ಟು, ಮನೆಗೆ ಅರ್ಧ ಇಟ್ಟುಕೊಂಡು, ಒಂದು ಲೀಟರನ್ನು ೧೮೦ ದಿನ ಹಾಕಿದರೆ ಸಿಗುವುದು ೯೦೦ ರೂಪಾಯಿ. ಹಾಲನ್ನು ಸಂಘಕ್ಕೆ ಹಾಕದೆ ಪಕ್ಕದ ಹೋಟೆಲಿಗೆ ಕೊಟ್ಟರೆ ಸಿಗುವುದು ಸೊನ್ನೆ.

ಆದುದರಿಂದ ಪ್ರೋತ್ಸಾಹಧನದ ಆಸೆಯಿಂದಲೇ ಸಾಲ ಮಾಡಿ ಹೆಚ್ಚು ಹಾಲಿನ ಹಸು ತರಲು ಹೊರಡಬೇಡಿ. ಮೊದಲು ಮೇವು, ಆಮೇಲೆ ಹಸು. ಮೇವಿಲ್ಲದ ಕೊಟ್ಟಿಗೆಯಲ್ಲಿ ಹೆಚ್ಚು ಹಾಲಿನ ಹಸು ಹೆಚ್ಚು ನಷ್ಟದ ಹಸುವಾಗುತ್ತದೆ.

ಸಂಘವೋ, ಮನೆಬಾಗಿಲೋ?

ಕಾರವಾರ ಪಟ್ಟಣದ ಸುತ್ತಲಿನ ಮತ್ತು ಅಂಕೋಲಾ ಪೇಟೆಗೆ ಹತ್ತಿರದ ರೈತರು ಈ ಪ್ರಶ್ನೆ ಕೇಳುತ್ತಾರೆ. ಇದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ನಿಮ್ಮದೇ ಅಂಕಿ ಹಾಕಿ ಲೆಕ್ಕ ಮಾಡಬೇಕು. ಉದಾಹರಣೆಗೆ, ಮನೆಬಾಗಿಲಿಗೆ ಕೊಟ್ಟ ಹಾಲಿಗೆ ಲೀಟರಿಗೆ ೫೦ ರೂಪಾಯಿ, ಸಂಘದಲ್ಲಿ ೩೪ ರೂಪಾಯಿ ಸಿಗುವುದೆಂದು ಇಟ್ಟುಕೊಳ್ಳಿ. ಸಂಘದ ಬೆಲೆಗೆ ೫ ರೂಪಾಯಿ ಸೇರಿದರೆ ೩೯ ಆಯಿತು. ವ್ಯತ್ಯಾಸ ೧೧ ರೂಪಾಯಿ. ದಿನಕ್ಕೆ ೪ ಲೀಟರ್ ಮಾರುವವನಿಗೆ ೪೪ ರೂಪಾಯಿ ಹೆಚ್ಚು ಬಂತು. ಇದರಲ್ಲಿ ಮನೆಮನೆಗೆ ತಿರುಗುವ ಹೊತ್ತಿನ ಕೂಲಿ, ವಾಹನದ ಖರ್ಚು, ಗಿರಾಕಿಗಳು ಉಳಿಸಿಕೊಂಡ ಬಾಕಿ, ಮಾರದೆ ಉಳಿದ ಹಾಲು ಇವನ್ನೆಲ್ಲ ಕಳೆಯಬೇಕು. ಕಳೆದ ಮೇಲೂ ಹಣ ಉಳಿದರೆ ಮನೆಬಾಗಿಲ ಮಾರಾಟವೇ ಮೇಲು. ಎರಡು ಮೂರು ಲೀಟರಿನ ರೈತ, ಹತ್ತಿರದಲ್ಲೇ ನಂಬಿಕೆಯ ಮನೆಗಳಿದ್ದರೆ, ಐದು ರೂಪಾಯಿಗಾಗಿ ಅದನ್ನು ಬಿಡಬೇಕಾಗಿಲ್ಲ.

ಆದರೆ ಪೇಟೆಯಿಂದ ದೂರದ ಹಳ್ಳಿಗಳಲ್ಲಿ ಮನೆಬಾಗಿಲಿಗೆ ಗಿರಾಕಿಯೇ ಇಲ್ಲ. ಅಲ್ಲಿ ಸಂಘವೇ ಆಸರೆ. ಮನೆಯವರು ಊರಿಗೆ ಹೋದರೆಂದು, ಹೋಟೆಲು ಮುಚ್ಚಿತೆಂದು ಸಂಘ ಹಾಲನ್ನು ಬೇಡವೆನ್ನುವುದಿಲ್ಲ. ಕೃತಕ ಗರ್ಭಧಾರಣೆ, ಪಶು ಆಹಾರ, ಖನಿಜ ಮಿಶ್ರಣ ಮುಂತಾದವು ಅದರ ಮೂಲಕ ದೊರೆಯುತ್ತವೆ. ನಿಮ್ಮ ಹಳ್ಳಿಯಲ್ಲಿ ಸಂಘವಿಲ್ಲದಿದ್ದರೆ ಹಾಲು ಹಾಕಲು ಸಿದ್ಧರಿರುವ ಮನೆಗಳ ಪಟ್ಟಿಯನ್ನೂ ದಿನದ ಲೀಟರಿನ ಅಂದಾಜನ್ನೂ ಬರೆದುಕೊಂಡು ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಕಾಣಿರಿ. ಹತ್ತಿರದ ಹಾಲಿನ ದಾರಿಗೆ ನಿಮ್ಮ ಹಳ್ಳಿಯನ್ನು ಸೇರಿಸಬಹುದೇ ಎಂಬುದು ಮೊದಲು ತೀರ್ಮಾನವಾಗಬೇಕಾದ ವಿಷಯ.

ಹಣ ನಿಲ್ಲದಂತೆ ನೋಡಿಕೊಳ್ಳುವುದು

ಸರ್ಕಾರದಿಂದ ಬಿಡುಗಡೆಯಾದ ಮೇಲೂ ಕೆಲವರ ಹಣ ಮಾತ್ರ ನಿಂತುಹೋಗುತ್ತದೆ. ಇದಕ್ಕೆ ಸಾಮಾನ್ಯ ಕಾರಣಗಳು ಇವು:

೧. ಸಂಘದ ಪುಸ್ತಕದಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಬ್ಯಾಂಕಿನಲ್ಲಿರುವ ಹೆಸರು ಒಂದೇ ತೆರನಾಗಿ ಇರುವುದಿಲ್ಲ. ಮೂರನ್ನೂ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

೨. ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ, ಇಲ್ಲವೇ ಮರೆತುಹೋದ ಬೇರೊಂದು ಖಾತೆಗೆ ಜೋಡಣೆಯಾಗಿರುತ್ತದೆ. ಹಣ ಅಲ್ಲಿಗೆ ಹೋಗಿ ಕುಳಿತಿರುತ್ತದೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ ತಿಳಿಯಿರಿ.

೩. ವಹಿವಾಟಿಲ್ಲದೆ ಖಾತೆ ನಿಷ್ಕ್ರಿಯವಾಗಿರುತ್ತದೆ. ಆಗಾಗ ಸ್ವಲ್ಪ ಹಣ ಹಾಕಿ ತೆಗೆಯುತ್ತಿರಿ.

೪. ಹಾಲು ಹಾಕುವವರು ಒಬ್ಬರು, ಸದಸ್ಯರು ಇನ್ನೊಬ್ಬರು. ಸದಸ್ಯರು ತೀರಿಕೊಂಡ ಮೇಲೂ ಹಳೆಯ ಹೆಸರಿನಲ್ಲೇ ಹಾಲು ಹಾಕುವ ಮನೆಗಳಿವೆ. ಹೆಸರು ಬದಲಾವಣೆಯನ್ನು ಕೂಡಲೇ ಮಾಡಿಸಿ.

ನಮ್ಮ ಕರಾವಳಿಯಲ್ಲಿ ಹುಲ್ಲು ತರುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಸದಸ್ಯತ್ವವೂ ಖಾತೆಯೂ ಅವರ ಹೆಸರಿನಲ್ಲಿದ್ದರೆ ಹಣ ಕೊಟ್ಟಿಗೆಗೇ ಮರಳುವ ಸಂಭವ ಹೆಚ್ಚು. ಮನೆಯ ಯಜಮಾನರು ಇದನ್ನು ಯೋಚಿಸಬೇಕು.

ಸಂಘದ ಚೀಟಿಗಳನ್ನು ಒಂದು ತಂತಿಗೆ ಪೋಣಿಸಿ ಇಡಿ. ತಿಂಗಳ ಕೊನೆಗೆ ಒಟ್ಟು ಲೀಟರನ್ನು ಕೂಡಿ, ಐದರಿಂದ ಗುಣಿಸಿ, ಒಂದು ನೋಟ್‌ಪುಸ್ತಕದಲ್ಲಿ 'ಬರಬೇಕಾದದ್ದು' ಎಂದು ಬರೆಯಿರಿ. ಹಣ ಬಂದ ದಿನ ಎದುರಿನಲ್ಲಿ 'ಬಂದದ್ದು' ಎಂದು ಬರೆಯಿರಿ. ಆಗ ಯಾವ ತಿಂಗಳಿನದು ಬಂದಿದೆ, ಯಾವುದು ಬಾಕಿ ಎಂದು ಸಂಘದ ಕಾರ್ಯದರ್ಶಿಯನ್ನು ಪುಸ್ತಕ ಹಿಡಿದು ಕೇಳಬಹುದು.

ಹಿಂಡಿಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಮೆರಿಕದಲ್ಲಿಯೂ ಸರ್ಕಾರ ಹೈನುಗಾರರಿಗೆ ನೆರವು ಕೊಡುತ್ತದೆ. ೨೦೧೮ರ ಅಲ್ಲಿಯ ಕೃಷಿ ಕಾಯಿದೆಯಂತೆ, ಹೆಸರು ನೋಂದಾಯಿಸಿಕೊಂಡ ರೈತರಿಗೆ, ಹಾಲಿನ ಬೆಲೆ ಮತ್ತು ಮೇವು ದಾಣಿಯ ಬೆಲೆಗಳ ನಡುವಿನ ಅಂತರ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಹಣ ಸಿಗುತ್ತದೆ. ಅಂದರೆ ದಾಣಿ ತುಟ್ಟಿಯಾದರೆ ನೆರವಿನ ದಾರಿ ತೆರೆಯುತ್ತದೆ. ನಮ್ಮ ಪ್ರೋತ್ಸಾಹಧನ ಹಾಗಲ್ಲ. ಹಿಂಡಿಯ ಬೆಲೆ ಎಷ್ಟೇ ಏರಿದರೂ ಲೀಟರಿಗೆ ಗೊತ್ತುಪಡಿಸಿದಷ್ಟೇ ಹಣ. ಹೀಗಿರುವಾಗ ದಾಣಿಯ ಖರ್ಚಿನ ಮೇಲೆ ಕಣ್ಣಿಡುವ ಕೆಲಸ ನಮ್ಮ ಪಾಲಿಗೇ ಉಳಿಯಿತು.

ಹಸುವಿನ ದೇಹ ಪೋಷಣೆಗೆ ಒಂದರಿಂದ ಒಂದೂವರೆ ಕಿಲೊ ದಾಣಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೊ ದಾಣಿ ಎಂಬುದು ಸಾಮಾನ್ಯ ಲೆಕ್ಕ. ಒಂದು ಕಿಲೊಗೆ ೨೫ ರೂಪಾಯಿ ಎಂದಿಟ್ಟುಕೊಂಡರೆ, ಎರಡೂವರೆ ಲೀಟರಿನ ಪ್ರೋತ್ಸಾಹಧನವಾದ ೧೨ ರೂಪಾಯಿ ೫೦ ಪೈಸೆ ಅದರ ಅರ್ಧ ಬೆಲೆ ಮಾತ್ರ. ಇದನ್ನೇ ತಿರುಗಿಸಿ ನೋಡಿ. ದಿನಕ್ಕೆ ಒಂದು ಕಿಲೊ ದಾಣಿ ಉಳಿಸಿದರೆ, ೫ ಲೀಟರ್ ಹಾಲಿಗೆ ಬರುವ ಪ್ರೋತ್ಸಾಹಧನದಷ್ಟು ಹಣ ಉಳಿಯಿತು. ಅದೂ ಆ ದಿನವೇ, ಯಾರ ಬಿಡುಗಡೆಯನ್ನೂ ಕಾಯದೆ.

ದಾಣಿಯನ್ನು ಸುಮ್ಮನೆ ಕಡಿಮೆ ಮಾಡಿದರೆ ಹಾಲು ಇಳಿಯುತ್ತದೆ. ಅದರ ಜಾಗವನ್ನು ಹಸುರು ಮೇವು ತುಂಬಬೇಕು. ಸುಮಾರು ಹತ್ತು ಕಿಲೊ ಅಲಸಂದೆಯಂಥ ದ್ವಿದಳ ಹಸಿಮೇವು ಒಂದು ಕಿಲೊ ದಾಣಿಯನ್ನು ಉಳಿಸಬಲ್ಲದು.

ಎಲ್ಲಿ ಯಾವ ಮೇವು?

'ಭತ್ತಕ್ಕೇ ಜಾಗವಿಲ್ಲ, ಹುಲ್ಲಿಗೆ ಎಲ್ಲಿಂದ ತರಲಿ?' ಎಂದು ನೀವು ಕೇಳಬಹುದು. ಬೇರೆ ಜಮೀನು ಬೇಡ. ಈಗಿರುವ ಜಾಗವನ್ನು ಹೀಗೆ ಬಳಸಿಕೊಳ್ಳಿ.

ಬಚ್ಚಲು ಮತ್ತು ಕೊಟ್ಟಿಗೆಯ ನೀರು ಹರಿಯುವ ಕಡೆ, ಬಾವಿಯ ಸುತ್ತ, ಎತ್ತರದ ಬದುಗಳಲ್ಲಿ ಹೈಬ್ರಿಡ್ ನೇಪಿಯರ್ ನೆಡಿ. ಸಿಓ-೩, ಸಿಓ-೪ ಮತ್ತು ಧಾರವಾಡದ ಮೇವು ಸಂಶೋಧನಾ ಕೇಂದ್ರದಿಂದ ಬಂದ ಡಿಎಚ್‌ಎನ್-೬, ಅಂದರೆ ಸಂಪೂರ್ಣ, ಒಳ್ಳೆಯ ತಳಿಗಳು. ಎರಡು ಗೆಣ್ಣಿನ ಕಾಂಡದ ತುಂಡುಗಳನ್ನು ಎರಡಡಿಗೆ ಎರಡಡಿ ಅಂತರದಲ್ಲಿ ಊರಿದರೆ ಗುಂಟೆಗೆ ಸುಮಾರು ೨೭೦ ತುಂಡು ಬೇಕು. ಮಳೆಗಾಲದ ಆರಂಭದಲ್ಲಿ ನೀರು ನಿಲ್ಲದ ಜಾಗದಲ್ಲಿ ನೆಡಬೇಕು. ಮೊದಲ ಕೊಯ್ಲು ೭೦ರಿಂದ ೭೫ ದಿನಕ್ಕೆ, ಆಮೇಲೆ ೪೫ ದಿನಕ್ಕೊಮ್ಮೆ. ನೆಲದಿಂದ ನಾಲ್ಕು ಬೆರಳು ಮೇಲೆ ಕೊಯ್ಯಿರಿ. ಪ್ರತಿ ಕೊಯ್ಲಿನ ನಂತರ ಸಗಣಿ ನೀರು ಹಾಯಿಸಿ.

ನೀರು ಗೊಬ್ಬರ ಕೊಟ್ಟು ಎಕರೆಗೆ ವರ್ಷಕ್ಕೆ ೮೦ ಟನ್ ಮಾತ್ರ ಬಂದರೂ ಗುಂಟೆಗೆ ೨ ಟನ್, ಅಂದರೆ ದಿನಕ್ಕೆ ಐದೂವರೆ ಕಿಲೊ. ನಾಲ್ಕು ಗುಂಟೆಯಿದ್ದರೆ ಒಂದು ಹಸುವಿಗೆ ದಿನಕ್ಕೆ ೨೦ ಕಿಲೊಗಿಂತ ಹೆಚ್ಚು ಹಸುರು ಸಿಗುತ್ತದೆ. ಕೊಯ್ದ ಹುಲ್ಲನ್ನು ಒಂದೆರಡು ಅಂಗುಲಕ್ಕೆ ಕತ್ತರಿಸಿ ಹಾಕಿ. ಇಡಿಯಾಗಿ ಹಾಕಿದರೆ ಬಹಳಷ್ಟು ಕಾಲಡಿಗೆ ಹೋಗುತ್ತದೆ.

ತೆಂಗಿನ ತೋಟದ ನೆರಳಿನಲ್ಲಿ ನೇಪಿಯರ್ ಸೊರಗುತ್ತದೆ. ಅಲ್ಲಿ ಗಿನಿ ಹುಲ್ಲು ಉತ್ತಮ. ಜೌಗು ಜಾಗಕ್ಕೆ ಪ್ಯಾರಾ ಹುಲ್ಲು ಹೊಂದುತ್ತದೆ, ಆದರೆ ಅದು ಹಬ್ಬಿ ಹರಡುವ ಹುಲ್ಲು. ಭತ್ತದ ಗದ್ದೆಯ ಹತ್ತಿರ ಬಿಡಬೇಡಿ.

ಭತ್ತದ ಕೊಯ್ಲಾದ ಮೇಲೆ ಗದ್ದೆಯ ತೇವ ಆರುವ ಮೊದಲು ಒಂದು ಮೂಲೆಯಲ್ಲಿ ಅಲಸಂದೆ ಬಿತ್ತಿರಿ. ೫೫ರಿಂದ ೬೦ ದಿನಕ್ಕೆ, ಅರ್ಧ ಗಿಡಗಳು ಹೂ ಬಿಟ್ಟಾಗ ಕೊಯ್ಯಬಹುದು. ನೀರಿಲ್ಲದ ಗದ್ದೆಗೆ ಹುರುಳಿ. ಶೇಂಗಾ ಬೆಳೆಯುವವರು ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನು ಗದ್ದೆಯಲ್ಲೇ ಬಿಡದೆ ಒಣಗಿಸಿ ಬಣವೆ ಹಾಕಬೇಕು. ಮಳೆ ತಗಲದಂತೆ ಇಟ್ಟ ಶೇಂಗಾ ಬಳ್ಳಿ ಬೇಸಗೆಯಲ್ಲಿ ದಾಣಿಯ ಹೊರೆಯನ್ನು ಇಳಿಸುತ್ತದೆ.

ಉಳಿದ ಭತ್ತದ ಹುಲ್ಲನ್ನು ಬೇಸಗೆಯಲ್ಲಿ ಯೂರಿಯಾ ಉಪಚಾರ ಮಾಡಿ ಬಳಸಬಹುದು. ೧೦೦ ಕಿಲೊ ಒಣಹುಲ್ಲಿಗೆ ೪ ಕಿಲೊ ಯೂರಿಯಾವನ್ನು ೫೦ ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಹುಲ್ಲಿನ ಪದರ ಪದರಕ್ಕೂ ಸಮನಾಗಿ ಚಿಮುಕಿಸಿ, ತುಳಿದು ಗಟ್ಟಿಮಾಡಿ, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ೨೧ ದಿನ ಮುಚ್ಚಿಡಿ. ಹಾಕುವ ಮೊದಲು ಒಂದು ಗಂಟೆ ಗಾಳಿಗೆ ಹರಡಿ. ಆರು ತಿಂಗಳಿಗಿಂತ ಚಿಕ್ಕ ಕರುಗಳಿಗೆ ಕೊಡಬೇಡಿ. ಯೂರಿಯಾ ನೀರನ್ನು ದನ ಕುಡಿದರೆ ಪ್ರಾಣಾಪಾಯ. ಪಾತ್ರೆಯನ್ನು ದೂರವಿಡಿ, ಉಳಿದ ನೀರನ್ನು ದನ ಮುಟ್ಟದ ಕಡೆ ಚೆಲ್ಲಿ.

ಮಳೆಗಾಲದ ಎಚ್ಚರಿಕೆ

ಜೂನ್ ಜುಲೈನಲ್ಲಿ ಹುಲ್ಲು ಧಾರಾಳ, ಆದರೂ ಸಂಘದಲ್ಲಿ ಹಾಲಿನ ಕೊಬ್ಬು ಇಳಿಯಿತೆಂದು ಬೆಲೆ ಕಡಿಮೆ ಬರುತ್ತದೆ. ಎಳೆಯ ಹುಲ್ಲಿನಲ್ಲಿ ನೀರು ಹೆಚ್ಚು, ನಾರು ಕಡಿಮೆ. ಹಸುರಿನ ಜೊತೆ ದಿನಕ್ಕೆ ಮೂರು ನಾಲ್ಕು ಕಿಲೊ ಒಣಹುಲ್ಲನ್ನು ತಪ್ಪದೆ ಕೊಡಿ. ಹೊಟ್ಟೆಗೆ ಸಾಕಷ್ಟು ಬಲವಾದ ಆಹಾರ ಸಿಗದಾಗ ಕೊಬ್ಬೇತರ ಘನಾಂಶವೂ ಇಳಿಯುತ್ತದೆ. ಆಹಾರ ಸುರಕ್ಷತಾ ಮಾನದಂಡದಂತೆ ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡ ೩.೨, ಕೊಬ್ಬೇತರ ಘನಾಂಶ ಶೇಕಡ ೮.೩ಕ್ಕಿಂತ ಕಡಿಮೆ ಇರಬಾರದು. ಗುಣಮಟ್ಟವಿಲ್ಲವೆಂದು ಸಂಘ ಹಾಲನ್ನು ಹಿಂದಿರುಗಿಸಿದರೆ ಬೆಲೆಯೂ ಹೋಯಿತು, ಪ್ರೋತ್ಸಾಹಧನವೂ ಹೋಯಿತು. ನೆತ್ತಿಯ ಮೇಲೆ ಮಳೆ ಸುರಿಯುವಾಗ ಕ್ಯಾನಿನೊಳಗೆ ಹನಿ ಬೀಳದಂತೆಯೂ ನೋಡಿಕೊಳ್ಳಿ.

ಒಂದು ನಿಯಮ

ಕೊನೆಯದಾಗಿ ಒಂದು ನಿಯಮ ಹೇಳುತ್ತೇನೆ. ಕೊಟ್ಟಿಗೆಯ ದಿನದ ಖರ್ಚು ಹಾಲಿನ ಬೆಲೆಯಲ್ಲಿಯೇ ತೀರಬೇಕು. ತೀರದಿದ್ದರೆ ಹಿಂಡಿಯನ್ನು ಸಾಲ ತರುವುದು ಪರಿಹಾರವಲ್ಲ. ಮೇವು ಕಡಿಮೆಯಿದೆಯೋ, ಹಸು ಗೊಡ್ಡಾಗಿದೆಯೋ, ಕೊಟ್ಟಿಗೆಗೆ ಮೀರಿದ ದನವಿದೆಯೋ ಎಂದು ಪಶುವೈದ್ಯರೊಂದಿಗೆ ಕುಳಿತು ವಿಚಾರಿಸಬೇಕು. ಸಾಲ ಬೇಕೇ ಬೇಕೆಂದಾದರೆ ಅಂಗಡಿಯ ಬದಲು ಬ್ಯಾಂಕಿಗೆ ಹೋಗಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವನ್ನು ೨೦೧೮-೧೯ರಲ್ಲಿ ಪಶುಸಂಗೋಪನೆಗೂ ವಿಸ್ತರಿಸಲಾಗಿದೆ.

ಪ್ರೋತ್ಸಾಹಧನ ಬಂದಾಗ ಅದನ್ನು ಮೂರು ಕೆಲಸಕ್ಕೆ ಮೀಸಲಿಡಿ: ಮೊದಲ ವರ್ಷ ನಾಲ್ಕು ಗುಂಟೆ ಹುಲ್ಲು, ಎರಡನೆಯ ವರ್ಷ ಮೇವು ಕತ್ತರಿಸುವ ಯಂತ್ರ, ಪ್ರತಿ ವರ್ಷವೂ ಹಸುವಿನ ವಿಮೆ ಮತ್ತು ಖನಿಜ ಮಿಶ್ರಣ. ಹೀಗೆ ಮಾಡಿದರೆ ಹಣ ಮೂರು ತಿಂಗಳು ತಡವಾದರೂ ಹಸು ಉಪವಾಸ ಬೀಳುವುದಿಲ್ಲ, ಅಂಗಡಿಯವರು ಬಾಗಿಲಿಗೆ ಬರುವುದಿಲ್ಲ. ಹುಲ್ಲಿನ ಕಾಂಡದ ತುಂಡುಗಳಿಗಾಗಿ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯನ್ನು ವಿಚಾರಿಸಿರಿ.

ಪಾಸ್‌ಬುಕ್ ತೋರಿಸಿದ ಆ ತಾಯಿ ಆ ಸಲ ಬಂದ ಹಣದಲ್ಲಿ ಹಿಂಡಿ ತರಲಿಲ್ಲ. ಈ ಮುಂಗಾರಿನಲ್ಲಿ ಬಾವಿಯ ಪಕ್ಕದ ಎರಡು ಗುಂಟೆಯಲ್ಲಿ ನೇಪಿಯರ್ ಊರಿದ್ದಾರೆ. ಉಳಿದ ಹಸು ಮತ್ತೆ ಗಬ್ಬವಾಗಿದೆ. ಹೆಣ್ಣುಗರು ಹುಟ್ಟಿದರೆ ಮಾರುವುದಿಲ್ಲ ಎಂದು ಹೇಳಿದ್ದಾರೆ. ಮಾರುವ ಪ್ರಸಂಗ ಬಾರದಂತೆ ಹುಲ್ಲು ಬೆಳೆಯಲಿ.